ಗಾಳಿ ಎಲ್ಲರದು, ಹೊಣೆ ಸದಸ್ಯರದು
ಫ್ರಾನ್ಸಿನ ಕೈಟ್‌ಸರ್ಫಿಂಗ್ ಕ್ಲಬ್‌ಗಳ ಸದಸ್ಯತ್ವ ವ್ಯವಸ್ಥೆ

ಯಾವುದೇ ಸಂಘದ ಸದಸ್ಯತ್ವ ನವೀಕರಣದ ಸಮಯ ಬಂದಾಗ ಕೇಳಿಬರುವ ಪ್ರಶ್ನೆ ಒಂದೇ: "ಈ ಶುಲ್ಕಕ್ಕೆ ಪ್ರತಿಯಾಗಿ ದೊರೆಯುವುದೇನು?" ಫ್ರಾನ್ಸಿನ ಕರಾವಳಿಯ ಕೈಟ್‌ಸರ್ಫಿಂಗ್ ಕ್ಲಬ್‌ಗಳು ಈ ಪ್ರಶ್ನೆಗೆ ನೀಡುವ ಉತ್ತರವು ಕ್ರೀಡಾಪಟುಗಳಿಗೆ ಮಾತ್ರವಲ್ಲದೆ ಉದ್ಯಮಿಗಳಿಗೂ ವಿಚಾರಾರ್ಹವಾಗಿದೆ.

ದೊಡ್ಡ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನಿಂತು ಸಮುದ್ರದಲ್ಲಿ ಸಾಗುವ ಕ್ರೀಡೆಯೇ ಕೈಟ್‌ಸರ್ಫಿಂಗ್. ನೀರಿಗೆ ಬಿದ್ದರೂ ಮತ್ತೆ ಮೇಲೇಳಬಲ್ಲ, ಗಾಳಿ ತುಂಬಿದ ಅಂಚಿನ ಪಟಕ್ಕೆ ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ನಲವತ್ತು ವರ್ಷಗಳ ತರುವಾಯ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಪ್ರಥಮ ಬಾರಿಗೆ ಸ್ಥಾನ ದೊರೆಯಿತು. ಸ್ಪರ್ಧೆಗಳು ಮಾರ್ಸೆ ನಗರದ ಕಡಲಿನಲ್ಲಿ ನಡೆದವು.

ಅಪಾಯದ ಸ್ವರೂಪ

ಪಟ ಮತ್ತು ಸವಾರನ ನಡುವೆ ಸಾಮಾನ್ಯವಾಗಿ 20 ಮೀಟರಿಗೂ ಹೆಚ್ಚು ಉದ್ದದ ದಾರಗಳಿರುತ್ತವೆ. ಬಿರುಗಾಳಿಯ ಹೊಡೆತಕ್ಕೆ ಪಟವು ಹಿಡಿತ ತಪ್ಪಿದರೆ ಪೆಟ್ಟಾಗುವುದು ಸವಾರನೊಬ್ಬನಿಗೇ ಅಲ್ಲ. ದಡದಲ್ಲಿ ನಡೆಯುತ್ತಿರುವವರಿಗೂ, ಈಜುತ್ತಿರುವವರಿಗೂ ತೀವ್ರ ಗಾಯಗಳಾಗಬಹುದು. ಆದ್ದರಿಂದ ಈ ಕ್ರೀಡೆಯಲ್ಲಿ ಉಪಕರಣದ ಬೆಲೆಗಿಂತಲೂ ಅನ್ಯರಿಗೆ ಆಗಬಹುದಾದ ಹಾನಿಯ ಹೊಣೆಯೇ ದೊಡ್ಡದು.

ಸ್ವಂತ ಪಟ ಹೊಂದಿರುವ ವ್ಯಕ್ತಿಯು ನಿಯಮಗಳನ್ನು ಪಾಲಿಸಿ ಸಮುದ್ರಕ್ಕಿಳಿಯಲು ಯಾವುದೇ ಕ್ಲಬ್‌ನ ಸದಸ್ಯನಾಗಿರಬೇಕೆಂದು ಫ್ರಾನ್ಸಿನ ಕಾನೂನು ಒತ್ತಾಯಿಸುವುದಿಲ್ಲ. ಹಾಗಿದ್ದರೂ ಸಂಘದ ಅಗತ್ಯ ಉಂಟಾಗುವುದೇಕೆ ಎಂಬುದೇ ಇಲ್ಲಿ ಮುಖ್ಯ ಸಂಗತಿ.

ಸಂಘದ ಕಾನೂನು ಚೌಕಟ್ಟು

ಇಂತಹ ಕ್ಲಬ್‌ಗಳು ಬಹುತೇಕ 1901ರ ಜುಲೈ 1ರ ಸಂಘಗಳ ಕಾಯಿದೆಯಡಿ ಸ್ಥಾಪಿತವಾದವು. ಕನಿಷ್ಠ ಇಬ್ಬರು ಸೇರಿ ಸಂಘ ರಚಿಸಬಹುದು. ನಮ್ಮಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಏಳು ಜನ ಬೇಕು. ಲಾಭವನ್ನು ಸದಸ್ಯರು ಹಂಚಿಕೊಳ್ಳುವ ಉದ್ದೇಶದಿಂದ ಸಂಘ ರಚಿಸುವಂತಿಲ್ಲ. ಬಾಕಿ ಇರುವ ಹಾಗೂ ಚಾಲ್ತಿ ವರ್ಷದ ಶುಲ್ಕ ಪಾವತಿಸಿದ ಸದಸ್ಯನು ಯಾವಾಗ ಬೇಕಾದರೂ ಹೊರನಡೆಯಬಹುದು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯರ ಆಯ್ಕೆ ಮತ್ತು ಲೆಕ್ಕಪತ್ರಗಳ ಅನುಮೋದನೆಯು ನಿಯಮಾವಳಿಗನುಸಾರ ಸರ್ವಸದಸ್ಯರ ಸಭೆಯಲ್ಲಿ ನಡೆಯುತ್ತದೆ.

ಸದಸ್ಯನು ಪಾವತಿಸುವ ಮೊತ್ತದಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು, ಸ್ಥಳೀಯ ಕ್ಲಬ್‌ನ ವಾರ್ಷಿಕ ಶುಲ್ಕ. ಮತ್ತೊಂದು, ಕ್ಲಬ್ ಸಂಯೋಜಿತವಾಗಿರುವ ರಾಷ್ಟ್ರೀಯ ಒಕ್ಕೂಟದ ಪರವಾನಗಿ ಶುಲ್ಕ. ಕ್ಲಬ್‌ಗಳ ಪೈಕಿ ಕೆಲವು ಫ್ರೆಂಚ್ ಹಾಯಿದೋಣಿ ಒಕ್ಕೂಟಕ್ಕೂ, ಕೆಲವು ಪ್ಯಾರಾಗ್ಲೈಡಿಂಗ್ ಮುಂತಾದವುಗಳ ಮುಕ್ತ ಹಾರಾಟ ಒಕ್ಕೂಟಕ್ಕೂ ಸೇರಿವೆ.

ವಿಮೆಯೇ ತಿರುಳು

ಫ್ರಾನ್ಸಿನ ಕ್ರೀಡಾ ಸಂಹಿತೆಯ ಪ್ರಕಾರ ಪ್ರತಿಯೊಂದು ಕ್ರೀಡಾ ಸಂಘವೂ ತನ್ನ, ತನ್ನ ಸಿಬ್ಬಂದಿಯ ಮತ್ತು ಆಟಗಾರರ ನಾಗರಿಕ ಹೊಣೆಗಾರಿಕೆಗೆ ವಿಮೆ ಮಾಡಿಸಲೇಬೇಕು. ಸದಸ್ಯರನ್ನು ಪರಸ್ಪರ ಮೂರನೇ ವ್ಯಕ್ತಿಗಳೆಂದೇ ಕಾನೂನು ಪರಿಗಣಿಸುತ್ತದೆ. ಅಂದರೆ ಒಬ್ಬ ಸದಸ್ಯನ ದಾರ ತಗುಲಿ ಇನ್ನೊಬ್ಬ ಸದಸ್ಯ ಗಾಯಗೊಂಡರೂ ಹೊಣೆಗಾರಿಕೆಯ ವಿಮೆ ಅನ್ವಯಿಸುತ್ತದೆ. ವಿಮೆ ಮಾಡಿಸದ ಸಂಘದ ಹೊಣೆಗಾರನಿಗೆ ಆರು ತಿಂಗಳ ಸೆರೆವಾಸ ಮತ್ತು 7,500 ಯೂರೋ ದಂಡದವರೆಗೆ ಶಿಕ್ಷೆ ಇದೆ.

ಆದರೆ ಸವಾರನು ತನ್ನದೇ ತಪ್ಪಿನಿಂದ ಗಾಯಗೊಂಡರೆ ಈ ವಿಮೆಯಿಂದ ಪರಿಹಾರ ದೊರೆಯದು. ಅದಕ್ಕೆ ಪ್ರತ್ಯೇಕ ವೈಯಕ್ತಿಕ ಅಪಘಾತ ವಿಮೆ ಬೇಕು. ಅದರ ಪ್ರಯೋಜನವನ್ನು ಸದಸ್ಯರಿಗೆ ತಿಳಿಸುವುದು ಸಂಘದ ಕಾನೂನುಬದ್ಧ ಕರ್ತವ್ಯ. ಈ ಎರಡರ ನಡುವಿನ ಅಂತರ ಅರಿಯದೆ ಸಹಿ ಹಾಕುವ ಸದಸ್ಯನು ತನಗಿಲ್ಲದ ರಕ್ಷಣೆಯನ್ನು ನಂಬಿ ಕುಳಿತಿರುತ್ತಾನೆ.

ಕಡಲತೀರ ಉಳಿಸುವ ಸಂಘ

ತೀರದಿಂದ 300 ಮೀಟರ್ ದೂರದವರೆಗಿನ ಸ್ನಾನ ಹಾಗೂ ಪಟ, ಹಲಗೆಗಳಂತಹ ನೋಂದಣಿರಹಿತ ಸಾಧನಗಳ ನಿಯಂತ್ರಣ ಸ್ಥಳೀಯ ಮೇಯರ್ ಅವರ ಅಧಿಕಾರಕ್ಕೆ ಸೇರಿದೆ. ಈಜುವವರ ವಲಯದಿಂದ ಪ್ರತ್ಯೇಕವಾಗಿ ಕೈಟ್‌ಸರ್ಫಿಂಗ್‌ಗೆ ಮಾರ್ಗ ಗುರುತಿಸಬಹುದು. ಸುರಕ್ಷತೆಯ ದೃಷ್ಟಿಯಿಂದ ನಿರ್ಬಂಧವನ್ನೂ ವಿಧಿಸಬಹುದು. ಅಪಘಾತವೊಂದು ಸಂಭವಿಸಿದಾಗ ಬಿಡಿ ಸವಾರರ ಪರವಾಗಿ ಮಾತನಾಡುವವರು ಇರುವುದಿಲ್ಲ. ಸಂಘವಿದ್ದಲ್ಲಿ ಸದಸ್ಯರ ಪಟ್ಟಿ, ವಿಮೆಯ ದಾಖಲೆ, ಲಿಖಿತ ನಿಯಮ ಮತ್ತು ಉತ್ತರಿಸಬೇಕಾದ ಪದಾಧಿಕಾರಿ ಇರುತ್ತಾರೆ. ಆಡಳಿತಕ್ಕೆ ಬೇಕಾದುದೂ ಇದೇ.

ದಡದ ಮೇಲಿನ ದೈನಂದಿನ ಶಿಸ್ತು ಇಷ್ಟೇ ಮಹತ್ವದ್ದು. ಪಟವನ್ನು ಸುರಕ್ಷಿತವಾಗಿ ಏರಿಸಲು ಮತ್ತು ಇಳಿಸಲು ಇನ್ನೊಬ್ಬರ ನೆರವು ಬೇಕು. ಹಳಬರು ಹೊಸಬರ ಪಟ ಹಿಡಿದುಕೊಡುತ್ತಾರೆ. ಗಾಳಿ ದಡದಿಂದ ಕಡಲಿನತ್ತ ಬೀಸುವಾಗ ನೀರಿಗಿಳಿಯದಂತೆ ಎಚ್ಚರಿಸುತ್ತಾರೆ. ಯಾವ ರಸೀದಿಯಲ್ಲಿಯೂ ನಮೂದಾಗದ ಈ ಸೇವೆಯೇ ಸದಸ್ಯತ್ವದ ದೊಡ್ಡ ಪ್ರತಿಫಲವೆನ್ನಬಹುದು.

ನಮ್ಮ ಕರಾವಳಿಗೆ ಪಾಠ

ಕರ್ನಾಟಕದಲ್ಲಿ ಮೂಲ್ಕಿಯು ಈಗಾಗಲೇ ಸರ್ಫಿಂಗ್ ಕೇಂದ್ರವೆಂದು ದೇಶಾದ್ಯಂತ ಹೆಸರಾಗಿದೆ. ಜಲಕ್ರೀಡೆಗಳು ಬೆಳೆದಂತೆ ವಸತಿಗೃಹ, ಉಪಕರಣ ಮಾರಾಟ, ತರಬೇತಿ ಮುಂತಾದ ಉದ್ದಿಮೆಗಳಿಗೂ ಅವಕಾಶ ಹೆಚ್ಚುತ್ತದೆ. ಆದರೆ ಒಂದೇ ಒಂದು ಅಪಘಾತದಿಂದ ತೀರ ಮುಚ್ಚಿದರೆ ಈ ಎಲ್ಲರ ವಹಿವಾಟೂ ಒಟ್ಟಿಗೆ ನಿಲ್ಲುತ್ತದೆ. ಆದಕಾರಣ ಬಂಡವಾಳ ಹೂಡುವವರು ಪಟ ಮತ್ತು ಹಲಗೆಗಳ ಬೆಲೆಯ ಜೊತೆಗೆ ಸ್ಥಳೀಯ ಸಂಘದ ನಿಯಮಾವಳಿ ಹಾಗೂ ವಿಮಾಪತ್ರವನ್ನೂ ಪರಿಶೀಲಿಸುವುದು ಒಳಿತು. ಮೀನುಗಾರರನ್ನೂ ಸ್ಥಳೀಯ ಸಂಸ್ಥೆಗಳನ್ನೂ ಆರಂಭದಲ್ಲಿಯೇ ಮಾತುಕತೆಗೆ ಕರೆಯಬೇಕು. ಅಪಘಾತವಾದ ಮೇಲೆ ಕಟ್ಟುವ ಸಂಘಕ್ಕಿಂತ ಮೊದಲೇ ಕಟ್ಟಿದ ಸಂಘದ ಖರ್ಚು ಎಂದಿಗೂ ಕಡಿಮೆಯೇ.