ತೆಂಗಿನ ಸೀಮೆಯ ಉರಗಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರನು ತನ್ನ ಫಲದಲ್ಲಿ ಒಂದು ಪಾಲನ್ನು ವರ್ಷವರ್ಷವೂ ಇಲಿಗಳಿಗೆ ತೆರುತ್ತಿರುವನು. ಮರದ ಸುಳಿಯ ಬಳಿ ನೆಲೆನಿಂತ ಇಲಿಯು ಎಳಗಾಯನ್ನು ತೂತುಮಾಡಿ ಕೆಡಹುವುದು. ಉಂಡೆಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲಿಟ್ಟ ಕಾಯಿಗಳ ಸಂದಿನಲ್ಲಿ ಮನೆಯ ಇಲಿಯು ಸಂಸಾರ ಹೂಡುವುದು. ಈ ಕಳ್ಳರನ್ನು ಹಗಲೆಲ್ಲ ಬೆನ್ನಟ್ಟಿ, ಬಿಲದೊಳಕ್ಕೂ ನುಗ್ಗಿ ತಿನ್ನತಕ್ಕ ಕಾವಲುಗಾರನೊಬ್ಬನು ಕೂಲಿಯಿಲ್ಲದೆ ಅದೇ ತೋಟದಲ್ಲಿರುವನು. ಅವನನ್ನು ಕಂಡೊಡನೆ ತೋಟದವರು ದೊಣ್ಣೆಯನ್ನು ಹುಡುಕುವರು. ಕೇರೆ ಹಾವಿನ ಮಾತನ್ನೇ ನಾವು ಹೇಳುತ್ತಿರುವುದು.

ಹಾವು, ಹಲ್ಲಿ, ಓತಿಗಳನ್ನು ಹಿಡಿಯದೆ, ಕೊಲ್ಲದೆ, ದೂರದಿಂದ ನೋಡಿ ಬರೆದಿಡುವುದನ್ನೇ ಹವ್ಯಾಸವಾಗಿ ಮಾಡಿಕೊಂಡಿರುವ ಮಿತ್ರರೊಬ್ಬರೊಡನೆ ನಾವು ಈ ಸೀಮೆಯಲ್ಲಿ ಮೂರು ದಿನ ಸಂಚರಿಸಿದೆವು. ರೋಹಿಣಿ ಮಳೆ ಬಿದ್ದು ನೆಲ ತಣಿದಿತ್ತು. ಕಪ್ಪೆಗಳು ಹೊರಟಿದ್ದವು, ಅವುಗಳ ಹಿಂದೆಯೇ ಹಾವುಗಳೂ ಹೊರಟಿದ್ದವು.

ತಿಪಟೂರಿನ ಸಮೀಪದ ತೋಟವೊಂದರಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿಯು ಆಳುದ್ದ ಬಿದ್ದಿತ್ತು. ಬಿಸಿಲೇರಿದ ಮೇಲೆ ಅದರ ಬುಡದಿಂದ ಕೇರೆಯೊಂದು ಮೆಲ್ಲನೆ ಹೊರಬಂದಿತು. ಉದ್ದ ಒಂದು ಮಾರಿಗೂ ಹೆಚ್ಚು. ಮೈ ಕಂದು, ಬಾಲದ ಕಡೆಗೆ ಕಪ್ಪು ಗೆರೆಗಳು, ಕಣ್ಣುಗಳು ದೊಡ್ಡವು. ಇದಕ್ಕೆ ವಿಷವೆಂಬುದೇ ಇಲ್ಲ. ಮೂಲೆಗೆ ಸಿಕ್ಕಿಸಿದರೆ ಕೊರಳುಬ್ಬಿಸಿ ಗುರುಗುಟ್ಟುವುದು, ಕಚ್ಚಲೂಬಹುದು, ಕಚ್ಚಿದರೆ ಗಾಯವಷ್ಟೇ. ಕೇರೆಯು ನಾಗರನೊಡನೆ ಕೂಡುವುದೆಂದು ತೋಟದ ಹಿರಿಯರೊಬ್ಬರು ಆಣೆಯಿಟ್ಟು ಹೇಳಿದರು. ಅವರು ಕಂಡದ್ದು ಸುಳ್ಳಲ್ಲ. ಎರಡು ಹಾವುಗಳು ಹೆಣೆದುಕೊಂಡು ಮೇಲೇಳುವುದನ್ನು ಹಲವರು ಕಂಡಿರುವರು. ಆದರೆ ಅವೆರಡೂ ಗಂಡು ಕೇರೆಗಳು. ಹೆಣ್ಣಿಗಾಗಿ ನಡೆಯುವ ಮಲ್ಲಯುದ್ಧವದು. ಹಾವು ತಿನ್ನುವವರ ಊರಿಗೆ ಹೋದರೆ ನಡುತುಂಡು ನನಗಿರಲಿ ಎಂಬ ಗಾದೆಯನ್ನು ಕಟ್ಟಿದ ನಮ್ಮ ಜನಕ್ಕೆ ಹಾವಿನ ವಿಷಯದಲ್ಲಿ ನಗುವ ಶಕ್ತಿಯುಂಟು. ನೋಡುವ ತಾಳ್ಮೆಯೇ ಕಡಮೆ.

ಹಾಗೆಂದು ಮಟ್ಟೆಯ ರಾಶಿಗೆ ಕಣ್ಣುಮುಚ್ಚಿ ಕೈಯಿಕ್ಕಬಹುದೆಂದು ವಾಚಕರು ತಿಳಿಯಬಾರದು. ಇಲಿಯಿದ್ದಲ್ಲಿಗೆ ಕೇರೆ ಬರುವಂತೆ ಕೊಳಕುಮಂಡಲವೂ ಬರುವುದು. ಮರುದಿನ ಸಂಜೆ ಒಣಗಿದ ಗರಿಗಳ ಕೆಳಗೆ ಅದನ್ನೂ ಕಂಡೆವು. ದಪ್ಪ ಮೈ, ತ್ರಿಕೋನದ ತಲೆ, ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ. ನಾವು ಹತ್ತು ಹೆಜ್ಜೆ ದೂರ ನಿಂತಿದ್ದರೂ ಕಮ್ಮಾರನ ತಿದಿಯಂತೆ ಬುಸುಗುಟ್ಟಿತು. ೧೭೯೬ರಲ್ಲಿ ಕೋರಮಂಡಲ ತೀರದ ಹಾವುಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ವೈದ್ಯ ಪ್ಯಾಟ್ರಿಕ್ ರಸೆಲ್ಲನ ಹೆಸರನ್ನು ಪಾಶ್ಚಾತ್ಯರು ಇದಕ್ಕೆ ಇಟ್ಟಿರುವರು. ಮೊಟ್ಟೆಯಿಡದೆ ಮರಿಗಳನ್ನೇ ಈಯುವ ಈ ಹಾವು ಒಂದು ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಮರಿಗಳನ್ನು ಹಾಕುವುದು. ಮುಂಗಾರಿನ ದಿನಗಳಲ್ಲಿ ಗೇಣುದ್ದದ ಮರಿಯೂ ವಿಷವುಳ್ಳದ್ದೇ ಎಂಬುದನ್ನು ಗರಿ ಆಯುವ ಹೆಣ್ಣುಮಕ್ಕಳು ಅವಶ್ಯವಾಗಿ ತಿಳಿದಿರತಕ್ಕದ್ದು.

ಮನುಷ್ಯರ ಪ್ರಾಣಕ್ಕೆ ಹೆಚ್ಚಾಗಿ ಎರವಾಗುವ ಹಾವುಗಳು ನಮ್ಮ ದೇಶದಲ್ಲಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವುಗಳಲ್ಲಿ ಕಟ್ಟುಹಾವಿನದು ಕಳ್ಳಹೆಜ್ಜೆ. ರಾತ್ರಿ ಮನೆಹೊಕ್ಕು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು. ನೋವೇ ತೋರದೆ ಎಷ್ಟೋ ಜನ ಎಚ್ಚರಗೊಳ್ಳದಿರುವುದುಂಟು. ೨೦೦೦ರಿಂದ ೨೦೧೯ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ ೫೮,೦೦೦ ಜನ ಹಾವು ಕಚ್ಚಿ ಮಡಿದರೆಂದು ಸಂಶೋಧಕರು ಅಂದಾಜು ಮಾಡಿರುವರು. ಅವರಲ್ಲಿ ಬಹುಮಂದಿ ಹಳ್ಳಿಯವರು. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿಮಾಡಬೇಕೆಂದು ಕರ್ನಾಟಕ ಸರಕಾರವು ೨೦೨೪ರಲ್ಲಿ ಗೊತ್ತುಮಾಡಿತು. ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವುಂಟು, ಅದು ಆಸ್ಪತ್ರೆಯಲ್ಲಿರುವುದು. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯುವುದು, ಇವೆಲ್ಲ ಕೇಡಿಗೆ ದಾರಿ. ಕಚ್ಚಿಸಿಕೊಂಡವರನ್ನು ನಡೆಯಗೊಡದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಧೈರ್ಯ ಹೇಳುತ್ತ ಒಡನೆಯೇ ಆಸ್ಪತ್ರೆಗೆ ಕೊಂಡೊಯ್ಯಬೇಕು.

ತುರುವೇಕೆರೆಯ ಕಡೆ ನಮ್ಮ ಸಂಚಾರ ಹಗುರವಾಯಿತು. ಮಲ್ಲಾಘಟ್ಟದ ಕೆರೆಯಂಚಿನಲ್ಲಿ ನೀರುಹಾವುಗಳು ತಲೆಯನ್ನಷ್ಟೇ ಮೇಲಿಟ್ಟು ಮೀನಿಗೆ ಹೊಂಚುಹಾಕಿದ್ದವು. ಬೇಲಿಯ ಬಳ್ಳಿಯಲ್ಲಿ ಬಳ್ಳಿಯಾಗಿಯೇ ಇದ್ದ ಹಸುರು ಹಾವನ್ನು ಮಿತ್ರರು ತೋರಿಸದಿದ್ದರೆ ನಾವು ಕಾಣುತ್ತಲೇ ಇರಲಿಲ್ಲ. ಇದು ಕಣ್ಣನ್ನು ಕುಕ್ಕುವುದೆಂಬ ಹೆದರಿಕೆ ಜನರಲ್ಲುಂಟು. ಓತಿಗಳನ್ನು ಹಿಡಿದು ಬದುಕುವ ಈ ಬಡಪಾಯಿಯ ಅಲ್ಪ ವಿಷದಿಂದ ಮನುಷ್ಯನಿಗೆ ಅಪಾಯವಿಲ್ಲ. ತೆಂಗಿನ ಗರಿಯಿಂದ ಗರಿಗೆ ಚಂಗನೆ ದಾಟುವ ಕೊಂಬೇರಿ ಮೂರ್ಖನದಂತೂ ಇನ್ನೂ ವಿಚಿತ್ರವಾದ ಅಪಕೀರ್ತಿ: ಕಚ್ಚಿದ ಮೇಲೆ ಮರವೇರಿ, ಸತ್ತವನ ಚಿತೆಯ ಹೊಗೆಯನ್ನು ನೋಡುವವರೆಗೆ ಇಳಿಯುವುದಿಲ್ಲವಂತೆ! ಅದು ಕಾಯುತ್ತಲೇ ಇರಬೇಕಾದೀತು. ಮನುಷ್ಯನನ್ನು ಕೊಲ್ಲುವ ವಿಷ ಅದರಲ್ಲಿಲ್ಲ. ನುಣುಪು ಮೈಯ ಹಾವುರಾಣಿಯ ಗತಿಯೂ ಇದೇ. ಮನೆಯಂಗಳದಲ್ಲಿ ಹುಳುಹುಪ್ಪಟೆ ತಿಂದುಕೊಂಡಿರುವ ಈ ಹಲ್ಲಿಯ ಜಾತಿಯ ಜೀವಿಯು ಮುಟ್ಟಿದರೆ ಮರಣವೆಂಬ ಸುಳ್ಳಿಗೆ ಪೊರಕೆಯ ಏಟು ತಿನ್ನುತ್ತಿರುವುದು.

ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಹತ್ತಿದೊಡನೆ ತೋಟದ ನೆರಳು ಮುಗಿದು ಕಾದ ಬಂಡೆಗಳು ತೊಡಗುವುವು. ಅಲ್ಲಿ ಬಂಡೆಯ ಓತಿಗಳ ರಾಜ್ಯ. ಹೆಣ್ಣು ಕಲ್ಲಿನ ಬಣ್ಣದ್ದು. ಕೂಡುವ ಕಾಲದ ಗಂಡಿಗಾದರೋ ಬೆನ್ನು ಕೆಂಪು, ಪಕ್ಕೆಗಳು ಕಪ್ಪು. ಇನ್ನೊಂದು ಗಂಡು ಎದುರಾದಾಗ ಬೆನ್ನು ಹಳದಿಗೂ ಪಕ್ಕೆ ಕಿತ್ತಳೆಗೂ ತಿರುಗುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿ ಹೇಳಿರುವರು. ನಾವು ಕಂಡದ್ದು ಕೆಂಪುಕಪ್ಪಿನ ವೇಷವನ್ನು ಮಾತ್ರ. ಬಂಡೆಯ ನೆತ್ತಿಯಲ್ಲಿ ನಿಂತು, ತೋಳನ್ನು ಬಗ್ಗಿಸಿ ಎತ್ತಿ ಗರಡಿಯ ಹುಡುಗನಂತೆ ಸಾಮು ಮಾಡುತ್ತಿದ್ದ ಅದನ್ನು ಅರ್ಧ ಗಂಟೆ ನೋಡಿದರೂ ಬೇಸರವಾಗಲಿಲ್ಲ.

ಇಳಿಯುವಾಗ ಹಳ್ಳದ ಮಗ್ಗುಲಲ್ಲಿ ಉಡವೊಂದು ಎದುರಾಯಿತು. ಸೀಳುನಾಲಗೆಯನ್ನು ಚಾಚಿ ಚಾಚಿ ವಾಸನೆಯನ್ನು ಅರಸುತ್ತ, ಮಣ್ಣು ಕೆದಕಿ ಹುಳುಗಳನ್ನು ತಿನ್ನುತ್ತಿತ್ತು. ಇದರ ಹಿಡಿತ ನಮ್ಮ ಭಾಷೆಯಲ್ಲಿಯೇ ಹೆಸರಾಗಿದೆ. ೧೯೭೨ರ ವನ್ಯಜೀವಿ ಕಾಯಿದೆಯು ಇದಕ್ಕೆ ಹುಲಿಯ ಸಮನಾದ ರಕ್ಷಣೆಯನ್ನು ಕೊಟ್ಟಿದ್ದರೂ ಮಾಂಸದಾಸೆಗೆ ಇದನ್ನು ಹಿಡಿಯುವವರು ಇದ್ದೇ ಇರುವರು. ನಮ್ಮನ್ನು ಕಂಡು ಅದು ಓಡಲಿಲ್ಲ. ತಲೆಯೆತ್ತಿ ಒಮ್ಮೆ ನೋಡಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸದೆ ಗಂಭೀರವಾಗಿ ಕಲ್ಲುಗಳ ನಡುವೆ ನಡೆದುಹೋಯಿತು.