ವರ್ಷವಿಡೀ ಅಮಾವಾಸ್ಯೆ!

ದೆವ್ವದ ಕಥೆಗೆ ಅಮಾವಾಸ್ಯೆಯೇ ಬೇಕೆಂದವರು ಯಾರ್ರೀ? ಬೀದರ್, ಭಾಲ್ಕಿ, ಔರಾದಿನ ನಮ್ಮ ಬಳಗ ಹನ್ನೆರಡು ತಿಂಗಳೂ ಅದನ್ನೇ ಓದುತ್ತದೆ. ರಟ್ಟು ಹರಿದ ಪುಸ್ತಕ ಬೀದರಿನಲ್ಲಿ ಬಸ್ ಹತ್ತಿದರೆ, ಭಾಲ್ಕಿ ಮುಟ್ಟಿ ಔರಾದಿಗೆ ಹೋಗಿ ಬರುವಷ್ಟರಲ್ಲಿ ಇನ್ನೆರಡು ಹಾಳೆ ಕಳಕೊಂಡಿರುತ್ತದೆ!

ಈ ಗಡಿಯ ಮಜಾ ಬೆಂಗಳೂರಿನವರಿಗೆ ಸಿಗದು. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ವಂಶಿಯವರ ಕನ್ನಡದಲ್ಲಿ ಬಂತು, 1985ರಲ್ಲಿ ಸಿನಿಮಾನೂ ಆಯ್ತು. ಮರಾಠಿಯ ನಾರಾಯಣ ಧಾರಪ (1925–2008) ಮಾತ್ರ ನಮಗೆ ಔರಾದಿನ ಗೆಳೆಯನ ಬಾಯಿಂದಲೇ ಬರಬೇಕು. ಅವ ಮರಾಠಿ ಪುಟ ನೋಡ್ತಾ ನಮ್ಮ ಕಡಿ ಕನ್ನಡದಾಗ ಹೇಳತಾನ, ಎದಿ ಝಲ್ಲಂತದ. 2018ರ ‘ತುಂಬಾಡ್’ ಚಿತ್ರದಲ್ಲಿ ಧಾರಪರ ಕಥೆಯ ಎಳೆಯಿದೆ ಅಂತ ತಿಳಿದ ಮೇಲೆ ಅವನ ಗತ್ತು ಕೇಳಬೇಡಿ! ಸಿನಿಮಾಕ್ಕಿಂತ ಅವನ ದನಿಯೇ ಹೆಚ್ಚು ಹೆದರಿಸುತ್ತದೆನ್ನಿ.

‘ತುಳಸಿದಳ’ ಓದುವಾಗ ಮಾತ್ರ ನಾವು ಹುಷಾರು. ಅಲ್ಲಿ ಪುಟ್ಟ ಹುಡುಗಿಯ ಮೇಲೆ ಮಾಟ. ನಮ್ಮ ಕಡೆ ಭಾನಾಮತಿ ಬರೀ ಕಥೆಯಲ್ಲ. ಎಮ್ಮೆ ಹಾಲು ಬತ್ತಿದರೂ ಯಾವಳೋ ಒಂಟಿ ಹೆಂಗಸಿನ ಕಡೆ ಬೆರಳು ಏಳುತ್ತದೆ. ವಾಮಾಚಾರದ ವಿರುದ್ಧ ರಾಜ್ಯ 2017ರಲ್ಲಿ ಕಾನೂನು ಮಾಡಿತು, ಗುಸುಗುಸು ನಿಂತಿಲ್ಲ.

ಭಾಲ್ಕಿಯಲ್ಲಿ ಒಮ್ಮೆ ಓದು ನಡೆದಾಗ ಹುಡುಗನೊಬ್ಬ, “ನಮ್ಮ ಓಣಿ ಆಯಿನೂ ಹಿಂಗೇ ಮಾಡ್ತಾಳಂತ” ಅಂದ. ಪುಸ್ತಕ ಮುಚ್ಚಿದೆವು.

“ಯಾರಂದ್ರು? ನೀ ಕಣ್ಣಾರೆ ನೋಡೀಯೇನು?”

ಹುಡುಗ ತಲೆ ತಗ್ಗಿಸಿದ. ಮರುದಿನ ನಮ್ಮ ಗೆಳತಿಯೊಬ್ಬಳು ಅವನನ್ನೂ ಕರಕೊಂಡು ಆ ಮುದುಕಿ ಮನೆಗೆ ಚಹಾಕ್ಕೆ ಹೋದಳು. ಉಳಿದ ಅಧ್ಯಾಯ ಅಲ್ಲೇ ಓದಿದರಂತೆ. ಆಯಿಗೆ ಮಾಟದ ಕಥೆ ಹಿಡಿಸಲಿಲ್ಲ.

“ಭೂತದ್ದು ಇದ್ರ ತಾ,” ಅಂದಳಂತೆ.

ಬರುವ ವಾರ ಔರಾದಿನವ ಹೋಗ್ತಾನ, ಧಾರಪರನ್ನ ಹಿಡಕೊಂಡು.