ನಾಗಾವಿಯ ಆರು ಭಂಡಾರಿಗರು

ಅಫಜಲಪುರ ತಾಲ್ಲೂಕಿನ ಹವಳಗಾ ಈಗ ಕಬ್ಬಿನಿಂದ, ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಸಾವಿರ ವರ್ಷದ ಹಿಂದೆ ಈ ಸೀಮೆ ವಿದ್ಯೆಗೆ ಹೆಸರಾಗಿತ್ತು. ಭೀಮಾ ದಾಟಿ ಇಂಡಿ ಕಡೆ ಹೋದರೆ ಸಾಲೋಟಗಿ. ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಅಲ್ಲಿನ ಶಾಲೆಗೆ 27 ವಸತಿಮನೆಗಳಿದ್ದವು. ಈಚೆ ಕಲಬುರಗಿ ದಾಟಿದರೆ ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ. ಎಲ್ಲಮ್ಮನ ಭಕ್ತರಿಗೆ ಈ ಊರು ಚೆನ್ನಾಗಿ ಗೊತ್ತು. ಅರವತ್ತು ಕಂಬದ ಗುಡಿಯತ್ತ ಕೈತೋರಿ ಊರವರು, ‘ಇಲ್ಲೇ ಸಾಲಿ ಇತ್ತರಿ’ ಅನ್ನುತ್ತಾರೆ.

ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರ ಸ್ಥಾಪಿಸಿದ. ಅದನ್ನು ತಿಳಿಸುವ 1058ರ ಶಾಸನವನ್ನು ನಿಜಾಮ ಸರ್ಕಾರದ ಪುರಾತತ್ವ ಇಲಾಖೆ 1928ರಲ್ಲಿ ಅಚ್ಚು ಹಾಕಿಸಿತು. ವೇದ ಕಲಿಯುವವರೇ ಇನ್ನೂರು ಮಂದಿ. ಶಾಸ್ತ್ರ ಓದುವವರು ಬೇರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಸಂಗತಿ. ಗುರುಗಳ ಜೊತೆಗೇ ಶಾಸನ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೆಸರಿಸುತ್ತದೆ. ಅವರ ಬದುಕಿಗೂ ಭೂಮಿ ಬಿಡುತ್ತದೆ. ಪುಸ್ತಕ ಕಾಯುವುದಕ್ಕೇ ಆರು ಜನ!

ಅವರಿಗೆ ಕೈತುಂಬ ಕೆಲಸವಿದ್ದಿರಬೇಕು. ತಾಳೆಗರಿ ಬಲು ನಾಜೂಕು. ಗರಿಯನ್ನು ಹದಮಾಡಿ, ಕಂಠವೆಂಬ ಲೋಹದ ಮೊನೆಯಿಂದ ಕೊರೆದು, ಅಕ್ಷರ ಎದ್ದು ಕಾಣಲು ಕಾಡಿಗೆ ತೀಡಬೇಕು. ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಬಿಗಿಯಬೇಕು. ಮಳೆಗಾಲದ ತೇವ, ವರ್ಷವಿಡೀ ಹುಳು, ಬಿಸಿಲಿಗೆ ಸೀಳುವ ಗರಿ. ಹಳತಾದ ಕಟ್ಟನ್ನು ಹೊಸ ಗರಿಗೆ ಪ್ರತಿ ಮಾಡದಿದ್ದರೆ ಆ ಗ್ರಂಥ ಅಲ್ಲಿಗೇ ಮುಗಿಯಿತು. ಹೀಗೆ ತಲೆಮಾರುಗಟ್ಟಲೆ ಯಾರೋ ಕಾಪಾಡಿಕೊಂಡು ಬಂದದ್ದರಿಂದಲೇ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ನಾಗಾವಿಯ ಭಂಡಾರದ ಒಂದು ಗರಿಯೂ ನಮ್ಮ ಕೈಗೆ ಬಂದಿಲ್ಲ. ಉಳಿದದ್ದು ಶಾಸನದ, ಗುಡಿಯ ಕಲ್ಲು.

ಆ ಕಲ್ಲನ್ನಾದರೂ ಸರಿಯಾಗಿ ಉಳಿಸಿಕೊಳ್ಳಬೇಕು. ಜೀರ್ಣೋದ್ಧಾರಕ್ಕೆಂದು ಇಂಥ ಹಳೆಯ ಗುಡಿ ಬಿಚ್ಚುವ ಮುಂಚೆ ಪ್ರತಿ ಕಲ್ಲಿಗೂ ಅಂಕಿ ಬರೆದು, ಚಿತ್ರ ತೆಗೆದು, ಅದೇ ಜಾಗಕ್ಕೆ ಕೂರಿಸುವುದು ಕ್ರಮ. ಮಾಳಿಗೆ ಸೋರಿದರೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಮೆತ್ತಿದರೆ ನೀರು ಒಳಗೇ ನಿಂತು, ಉಪ್ಪು ಒಸರಿ, ಕಲ್ಲು ಪದರ ಪದರವಾಗಿ ಉದುರುತ್ತದೆ.

ಕಂಬ ನೇರವಾದ ಮಾತ್ರಕ್ಕೆ ಜೀರ್ಣೋದ್ಧಾರ ಮುಗಿಯಿತೆಂದು ನನಗನಿಸುವುದಿಲ್ಲ. ಗುಡಿಗೆ ತಾಗದಂತೆ ಪಕ್ಕದಲ್ಲಿ ಒಂದು ಓದುಕೋಣೆ ಏಳಲಿ. ಆ ಶಾಸನದ ಪಾಠ ಇಂದಿನ ಕನ್ನಡದಲ್ಲಿ ಗೋಡೆಯ ಮೇಲಿರಲಿ. ಚಿತ್ತಾಪುರದ, ಜೇವರ್ಗಿಯ, ಅಫಜಲಪುರದ ಕಾಲೇಜು ಹುಡುಗರು ಪರೀಕ್ಷೆಯ ಪುಸ್ತಕ ಹಿಡಿದು ಬಂದು ಕೂರಲಿ. ಆರು ಮಂದಿಯನ್ನು ನೇಮಿಸುವ ಕಾಲ ಹೋಯಿತು. ತಿಂಗಳು ತಿಂಗಳು ಸಂಬಳ ಕೈಸೇರುವ ಒಬ್ಬ ಗ್ರಂಥಪಾಲಕರಾದರೂ ಅಲ್ಲಿರಬೇಕು.